ಸಲೀಮನ ಗ್ಯಾರೇಜಿನ ಅಕ್ಕಿ

ಶನಿವಾರ ಬೆಳಿಗ್ಗೆ ಸಲೀಮ್ ಚಹಾದ ಲೋಟ ಹಿಡಿದು ಗ್ಯಾರೇಜಿನ ಬಾಗಿಲು ತೆರೆದಾಗ, ಅವನ ಹವಾಯಿ ಚಪ್ಪಲಿಯೊಂದು ತಾನಾಗಿಯೇ ತೇಲಿಕೊಂಡು ಬಂದು ಕಾಲಿನ ಬಳಿ ನಿಂತಿತು. ಮೂಲೆಯ ವಾಟರ್ ಹೀಟರು ರಾತ್ರಿಯೆಲ್ಲ ಸೋರಿ ನೆಲದ ತುಂಬ ನೀರು ಮಾಡಿತ್ತು.

ಬೇರೆ ಯಾರಾದರೂ ಮೊದಲು ಹೀಟರಿನ ವಾಲ್ವು ತಿರುಗಿಸುತ್ತಿದ್ದರು. ಸಲೀಮ್ ಲೋಟವನ್ನು ಕಾರಿನ ಮೇಲಿಟ್ಟು ಎದುರುಗೋಡೆಯ ಬೀರುವಿನತ್ತ ಓಡಿದ. ಬೀಗ ತೆಗೆದು ನೋಡಿದರೆ ಕೆಳಗಿನ ಅರೆಯ ರಟ್ಟಿನ ಪೆಟ್ಟಿಗೆಗಳು ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಮೆತ್ತಗಾಗಿದ್ದವು.

ಅವುಗಳಲ್ಲಿದ್ದದ್ದು ಗುಂಡುಗಳು. ರೈಫಲಿನ ಗುಂಡುಗಳಲ್ಲೇ ಪುಟ್ಟವು. ಟ್ವೆಂಟಿ ಟೂ ಎನ್ನುತ್ತಾರೆ. ಕಾಗದದ ಮೇಲೆ ಬರೆದ ವೃತ್ತಗಳಿಗೆ ಹೊಡೆಯುವುದು ಬಿಟ್ಟರೆ ಸಲೀಮನ ಕೈಯಲ್ಲಿ ಅವಕ್ಕೆ ಬೇರೆ ಕೆಲಸವಿರಲಿಲ್ಲ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ ಮಾಡುವ ಅವನು, ಮನೆಯಲ್ಲಿ ಜೇಡ ಕಂಡರೆ ಲೋಟ ಕವುಚಿ ಹಿಡಿದು ತೋಟಕ್ಕೆ ಬಿಟ್ಟುಬರುವ ಮನುಷ್ಯ.

ವರ್ಷದಿಂದೀಚೆಗೆ ಈ ಗುಂಡುಗಳು ಅಂಗಡಿಗಳಿಂದ ಮಾಯವಾಗಿದ್ದವು. ಯಾಕೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ಬಂದ ಸರಕು ಬಂದ ಬೆಳಿಗ್ಗೆಯೇ ಖಾಲಿ; ಅದೂ ತಲೆಗೊಂದೇ ಡಬ್ಬಿ. ಸಲೀಮ್ ಮಾತ್ರ ಅಭಾವದ ವಾಸನೆ ಹಿಡಿದು ಮುಂಚೆಯೇ ಕೂಡಿಟ್ಟಿದ್ದ. ಕೂಡಿಟ್ಟ ಮೇಲೆ ಖರ್ಚು ಮಾಡಲು ಮನಸ್ಸೇ ಬರಲಿಲ್ಲ. ಗುರಿ ಅಭ್ಯಾಸದ ರೇಂಜಿಗೆ ಒಂದು ಹಿಡಿ ಮಾತ್ರ ಒಯ್ಯುತ್ತಿದ್ದ. ಒಂದೊಂದನ್ನು ಹೊಡೆಯುವ ಮುನ್ನ ಎಷ್ಟು ಹೊತ್ತು ಗುರಿ ಹಿಡಿಯುತ್ತಿದ್ದನೆಂದರೆ, ರೇಂಜಿನ ಮುದುಕ ಮೇಲ್ವಿಚಾರಕ ಒಮ್ಮೆ ಹತ್ತಿರ ಬಂದು ಈ ಮನುಷ್ಯ ಉಸಿರಾಡುತ್ತಿದ್ದಾನೆಯೇ ಎಂದು ಬಗ್ಗಿ ನೋಡಿದ್ದ.

ಇಷ್ಟೇ ಆಗಿದ್ದರೆ ಅದು ಅವನ ಖಾಸಗಿ ಜಿಪುಣತನ. ಆದರೆ ರೇಂಜಿಗೆ ಜೊತೆಗೆ ಬರುತ್ತಿದ್ದ ಗೆಳೆಯ ಆನಂದತೀರ್ಥ ಒಮ್ಮೆ, "ನಿಮ್ಮ ಹತ್ರ ಎಷ್ಟಿದೆ ಸಲೀಮ್?" ಎಂದು ಕೇಳಿದಾಗ ಅವನ ಬಾಯಿಂದ, "ಎಲ್ಲಿದೆ ಆನಂದ್? ಇದೇ ಕೊನೇದು" ಎಂದು ಬಂದುಬಿಟ್ಟಿತ್ತು. ಆನಂದತೀರ್ಥನಿಗೆ ಮರುಕ ಹುಟ್ಟಿತು. ಅಂದಿನಿಂದ ಪ್ರತಿ ವಾರವೂ ತನ್ನ ಪುಟ್ಟ ಡಬ್ಬಿಯಿಂದ ಒಂದಿಷ್ಟು ಎಣಿಸಿ ಸಲೀಮನ ಅಂಗೈಗೆ ಹಾಕುತ್ತಿದ್ದ. "ಇರೋದ್ರಲ್ಲೇ ಹಂಚ್ಕೊಂಡು ಹೊಡ್ಯೋಣ ಬಿಡಿ." ಅವನು ಏಕಾದಶಿ ತಪ್ಪಿಸದ, ಹಣೆಯ ಅಂಗಾರ ಅಕ್ಷತೆ ಅಳಿಸದೆಯೇ ರೆಡ್‌ವುಡ್ ಸಿಟಿಯ ಆಫೀಸಿಗೆ ಹೋಗುವ ಸಾತ್ವಿಕ. ಅವನ ಕೈಯಿಂದ ಇಸಿದುಕೊಳ್ಳುವಾಗ ಸಲೀಮನಿಗೆ ಅಂಗೈ ಸುಡುತ್ತಿತ್ತು. ಆದರೂ ಇಸಿದುಕೊಳ್ಳುತ್ತಿದ್ದ.

ಅದೇ ಆನಂದತೀರ್ಥ ಈ ದಿನ ಮಧ್ಯಾಹ್ನ ರೇಂಜಿಗೆ ಕರೆದೊಯ್ಯಲು ಬರುವವನಿದ್ದ. ಅಷ್ಟರೊಳಗೆ ಪೆಟ್ಟಿಗೆಗಳು ಒಣಗಿ ಒಳಗೆ ಸೇರಬೇಕು. ಸಲೀಮ್ ಅವನ್ನು ಒಂದೊಂದಾಗಿ ಅಪ್ಪಿಕೊಂಡು ಮನೆಮುಂದಿನ ಡ್ರೈವ್‌ವೇಗೆ ಹೊತ್ತು ತಂದು ಬಿಸಿಲಿಗಿಟ್ಟು ಮೇಲೊಂದು ಹೂವಿನ ಚಿತ್ರದ ಬೆಡ್‌ಶೀಟು ಹೊದಿಸಿದ. ಮಗಳು ಮೆಹ್ರೀನ್ ಕಿಟಕಿಯಿಂದ ಇಣುಕಿ, "ಅಬ್ಬಾ, ವಾಟರ್ ಈಸ್ ಸ್ಟಿಲ್ ಕಮಿಂಗ್!" ಎಂದಾಗಲೇ ಅವನಿಗೆ ವಾಲ್ವಿನ ನೆನಪಾದದ್ದು.

ವಾಲ್ವು ತಿರುಗಿಸಿ ಹೊರಬರುವಷ್ಟರಲ್ಲಿ ಎದುರುಮನೆಯ ನಿರುಪಮಾ ನಾಯಿಯ ಸರಪಳಿ ಹಿಡಿದು ಬೆಡ್‌ಶೀಟಿನ ಪಕ್ಕ ನಿಂತಿದ್ದಳು. ಡ್ಯಾನ್‌ವಿಲ್‌ನ ಆ ಬೀದಿಯಲ್ಲಿ ಯಾರ ಮನೆಗೆ ಯಾವ ಪಾರ್ಸೆಲ್ಲು ಬಂತೆಂದು ತರುವವನಿಗಿಂತ ಮೊದಲು ನಿರುಪಮಾಗೆ ತಿಳಿಯುತ್ತಿತ್ತು.

"ಏನ್ ಸಲೀಮ್ ಅವ್ರೇ, ಇಷ್ಟೊಂದು ಪೆಟ್ಟಿಗೆ? ನೀವು ಎತ್ತೋದು ನೋಡಿದ್ರೆ ತುಂಬಾ ಭಾರ ಅನ್ಸತ್ತೆ."

"ಅದಾ... ಅಕ್ಕಿ" ಎಂದ ಸಲೀಮ್.

ಭಾರದ ವಸ್ತುಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಹಳೆಯ ಪುಸ್ತಕ ಎನ್ನಬಹುದಿತ್ತು, ಟೈಲ್ಸು ಎನ್ನಬಹುದಿತ್ತು. ಅವನು ಅಕ್ಕಿ ಎಂದ. ಆ ತಿಂಗಳು ಇಂಡಿಯಾದಿಂದ ಅಕ್ಕಿ ಬರುವುದು ನಿಂತುಹೋಗುತ್ತದೆಂಬ ಸುದ್ದಿ ಹಬ್ಬಿ, ಇಂಡಿಯನ್ ಗ್ರೋಸರಿಗಳಲ್ಲಿ ಸೋನಾ ಮಸೂರಿಗೆ ನೂಕುನುಗ್ಗಲು ನಡೆದಿತ್ತು. ಸಲೀಮನ ಹೆಂಡತಿ ಸಾಲೇಹಾ ಕೂಡ ಒಂದು ಚೀಲ ಸಿಕ್ಕೀತೇ ಎಂದು ಬೆಳಿಗ್ಗೆಯೇ ಸ್ಯಾನ್ ರಮೋನಿನ ಅಂಗಡಿಯ ಮುಂದೆ ಸಾಲು ನಿಲ್ಲಲು ಹೋಗಿದ್ದಳು.

"ಇಷ್ಟೂ ಅಕ್ಕೀನಾ!" ನಿರುಪಮಾಳ ಕಣ್ಣುಗಳು ಪೂರಿಯಂತೆ ಉಬ್ಬಿದವು. "ಸೋನಾ ಮಸೂರಿನಾ?"

"ಹ್ಞೂಂ... ಹೀಟರ್ ಸೋರಿ ನೀರು ಬಿದ್ದಿದೆ, ಒಣಗಿಸ್ತಿದೀನಿ."

ನಿರುಪಮಾ ನಾಯಿಯನ್ನು ಎಳೆದುಕೊಂಡು, ನಡೆಯುತ್ತಲೇ ಎರಡೂ ಹೆಬ್ಬೆರಳಿನಿಂದ ಫೋನು ಕುಟ್ಟುತ್ತಾ ಹೋದಳು.

ಮೊದಲು ಬಂದದ್ದು ಅವಳ ಅತ್ತೆ ಉಮಾಶ್ರೀ. ಧಾರವಾಡದಿಂದ ಮಗನ ಮನೆಗೆ ಬಂದಿದ್ದ ಅಜ್ಜಿ, ಸೀರೆಯ ಮೇಲೆ ಮೊಮ್ಮಗನ ಜಾಕೆಟ್ಟು ತೊಟ್ಟು, ಕಂಕುಳಲ್ಲಿ ದೊಡ್ಡ ಸ್ಟೀಲ್ ಡಬ್ಬಿ ಇಟ್ಟುಕೊಂಡಿದ್ದರು.

"ತಮ್ಮಾ ಸಲೀಮಾ, ಅಕ್ಕಿ ಭಾಳ ಅದಾವಂತಲ್ಲೋ. ಇದೊಂದು ಡಬ್ಬಿ ತುಂಬಿ ಕೊಡಪಾ. ಈ ಪಾಸ್ತಾ ತಿಂದು ತಿಂದು ಹೊಟ್ಟಿ ಅನ್ನೂದು ರಬ್ಬರ್ ಆಗೇತಿ."

"ಅಜ್ಜಿ, ಇದು ಒದ್ದೆ ಆಗಿದೆ."

"ಒದ್ದಿ ಆದ್ರೇನಾತು? ದ್ವಾಸಿಗೆ ಹೆಂಗಿದ್ರೂ ನೆನಿ ಹಾಕಬೇಕಲ್ಲ!" ಎಂದು ಅಜ್ಜಿ ಬೆಡ್‌ಶೀಟಿಗೆ ಕೈ ಹಾಕಿದರು.

ಸಲೀಮ್ ಗೋಲ್‌ಕೀಪರಿನಂತೆ ಅಡ್ಡ ಹಾರಿದ. "ನಿಲ್ಲಿ ಅಜ್ಜಿ, ನಿಮಗೆ ಒಳಗಿಂದ ಒಣಗಿರೋದನ್ನೇ ತಂದ್ಕೊಡ್ತೀನಿ!" ಎಂದು ಡಬ್ಬಿ ಕಸಿದುಕೊಂಡು ಅಡುಗೆಮನೆಗೆ ಓಡಿ, ಮನೆಗೆಂದು ಇಟ್ಟಿದ್ದ ಅಕ್ಕಿಯನ್ನು ತುಂಬಿಸಿ ತಂದ. ಅಜ್ಜಿ ಹರಸಿ, ಹೋಗದೆ ಅಲ್ಲೇ ಕುರ್ಚಿ ಎಳೆದುಕೊಂಡು ಬಿಸಿಲು ಕಾಯಿಸುತ್ತ ಕೂತರು.

ಆಮೇಲೆ ಮೂಲೆಮನೆಯ ಜಯರಾಮ್ ಬಂದ. ಅವನು ತಂದದ್ದು ಡಬ್ಬಿಯಲ್ಲ, ತೋಟದ ಮಣ್ಣು ಸಾಗಿಸುವ ತಳ್ಳುಗಾಡಿ. "ಬೀದಿಯ ವಾಟ್ಸಾಪ್ ಗ್ರೂಪಲ್ಲಿ ನೋಡ್ದೆ ಗುರೂ. ಬರೀ ಒಂದೇ ಒಂದು ಪೆಟ್ಟಿಗೆ ಸಾಕು." ಸಲೀಮ್ ಮತ್ತೆ ಒಳಗೆ ಓಡಿದ. ಈ ಸಲ ಅಕ್ಕಿಯ ಡ್ರಮ್ಮಿನ ತಳ ಕಾಣಿಸಿತು. ಗುಂಡು ಉಳಿಯಲಿ, ಅನ್ನ ಹೋದರೆ ಹೋಗಲಿ ಎಂದು ಅದನ್ನೂ ಬಾಚಿ ತಂದು ಕೊಟ್ಟ. ಕಣಜ ನಿರೀಕ್ಷಿಸಿ ಬಂದಿದ್ದ ಜಯರಾಮ್ ತಳ್ಳುಗಾಡಿಯ ಮೂಲೆಯಲ್ಲಿ ಕೂತ ಪುಟ್ಟ ಚೀಲವನ್ನು ನೋಡಿ, "ಇಷ್ಟು ಇಟ್ಕೊಂಡೂ ಇಷ್ಟೇನಾ ಕೊಡೋದು?" ಎಂದು ಮುಖ ಊದಿಸಿಕೊಂಡು ನಿಂತ.

ಅದೇ ಹೊತ್ತಿಗೆ ಸಾಲೇಹಾ ಬರಿಗೈಯಲ್ಲಿ ಬಂದು ಕಾರಿನಿಂದಿಳಿದಳು.

"ನನ್ನ ಮುಂದಿನವಳಿಗೇ ಕೊನೇ ಚೀಲ ಸಿಕ್ಕಿದ್ದು. ಪರವಾಗಿಲ್ಲ, ಮನೇಲಿ ಇನ್ನೊಂದೆರಡು ವಾರಕ್ಕಾಗತ್ತೆ" ಎಂದವಳು ಅಜ್ಜಿಯ ಡಬ್ಬಿ ನೋಡಿದಳು. ತಳ್ಳುಗಾಡಿ ನೋಡಿದಳು. ಒಳಗೆ ಹೋದಳು. ಡ್ರಮ್ಮಿನ ಮುಚ್ಚಳ ನೆಲಕ್ಕೆ ಬಿದ್ದ ಸದ್ದು ಬೀದಿಗೆಲ್ಲ ಕೇಳಿಸಿತು.

ಹೊರಬಂದವಳ ದನಿ ತಣ್ಣಗಿತ್ತು. "ರೀ, ಅಕ್ಕಿ ಎಲ್ಲಿ?"

"ಇಲ್ಲೇ ಇಷ್ಟೊಂದಿದ್ಯಲ್ಲಮ್ಮಾ!" ಎಂದು ಜಯರಾಮ್ ಬೆಡ್‌ಶೀಟಿನತ್ತ ಕೈ ತೋರಿಸಿದ.

ಸಾಲೇಹಾಗೆ ಆ ಪೆಟ್ಟಿಗೆಗಳಲ್ಲಿ ಏನಿದೆಯೆಂದು ಚೆನ್ನಾಗಿ ಗೊತ್ತಿತ್ತು. ಅವಳು ಗಂಡನನ್ನು ನೋಡಿದ ನೋಟಕ್ಕೆ, ಒದ್ದೆಯಾದದ್ದೆಲ್ಲ ಬಿಸಿಲಿಲ್ಲದೆಯೇ ಒಣಗಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಆನಂದತೀರ್ಥನ ಕಾರು ಬಂದು ನಿಂತಿತು. ಹೇಳಿದ್ದಕ್ಕಿಂತ ಎಷ್ಟೋ ಬೇಗ ಬಂದಿದ್ದ.

"ಹೀಟರ್ ಸೋರಿದ್ಯಂತೆ, ನಿರುಪಮಾ ನಂಗೂ ಬರ್ದಿದ್ರು. ಒಬ್ರೇ ಯಾಕೆ ಎತ್ತಕ್ಕೆ ಹೋದ್ರಿ, ನಾನಿಲ್ವಾ?" ಎಂದು ತೋಳು ಮಡಚಿಕೊಳ್ಳುತ್ತ ಬಂದವನೇ ಬೆಡ್‌ಶೀಟು ಸರಿಸಿ ಒಂದು ಪೆಟ್ಟಿಗೆಗೆ ಕೈ ಹಾಕಿದ.

"ಆನಂದ್, ಬೇಡ!"

ಪೆಟ್ಟಿಗೆ ಮೇಲೆದ್ದಿತು. ಅದರ ತಳ ಮೇಲೇಳಲಿಲ್ಲ. ಹೊಳೆಯುವ ಹಿತ್ತಾಳೆ ಗುಂಡುಗಳು ಜರಡಿ ತಪ್ಪಿದ ಬೂಂದಿಕಾಳಿನಂತೆ ಧೋ ಎಂದು ಸುರಿದು, ಇಳಿಜಾರಿನ ಡ್ರೈವ್‌ವೇಯಲ್ಲಿ ಟಣಟಣ ಉರುಳಿ ಬೀದಿಯತ್ತ ಹೊರಟವು. ಗುಂಪಿನ ಹಿಂದೆ ಬಂದು ಸೇರಿದ್ದ ನಿರುಪಮಾ ನಾಯಿಯನ್ನು ಎತ್ತಿಕೊಂಡು ಕಿರುಚಿದಳು. "ಸಿಡಿಯತ್ತೆ! ಓಡಿ!"

"ಇಲ್ಲ ಇಲ್ಲ, ಸುಮ್ನೆ ಬಿದ್ರೆ ಏನೂ ಆಗಲ್ಲ! ರೈಫಲಲ್ಲಿ ಹಾಕಿ ಬುಡದ ಅಂಚಿಗೆ ಪೆಟ್ಟು ಬೀಳ್ಬೇಕು" ಎನ್ನುತ್ತ ಸಲೀಮ್ ಗುಂಡುಗಳ ಹಿಂದೆ ಬಗ್ಗಿ ಬಗ್ಗಿ ಓಡಿದ.

ಉಮಾಶ್ರೀ ಅಜ್ಜಿ ಕಾಲಬಳಿ ನಿಂತದ್ದೊಂದನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದು ನೋಡಿದರು. "ಯವ್ವಾ, ಇದು ಯಾವ ಜಾತಿ ಅಕ್ಕಿನೋ? ಎಷ್ಟು ಸೀಟಿ ಹೊಡಿಸಿದ್ರ ಬೇಯ್ತದಪಾ ಇದು?"

ಜಯರಾಮ್ ನಕ್ಕ. ಆನಂದತೀರ್ಥ ಮಾತ್ರ ನಗಲಿಲ್ಲ. ತಲೆಯ ಮೇಲಿನ ಕ್ಯಾಪು ತೆಗೆದು, ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಗುಂಡನ್ನು ಆರಿಸಿ ಅದರೊಳಗೆ ಹಾಕತೊಡಗಿದ. ಎಲ್ಲವನ್ನೂ ಆರಿಸಿ ಮುಗಿಸಿದ ಮೇಲೆ ಮೆಲ್ಲಗೆ ಹೇಳಿದ.

"ಹೋದ್ ವಾರಾನೂ ಒಂದೂ ಇಲ್ಲ ಅಂದ್ರಿ, ಸಲೀಮ್."

ಅವನು ಬೈದಿದ್ದರೆ ಸಲೀಮ್ ಹೇಗೋ ತಡೆದುಕೊಳ್ಳುತ್ತಿದ್ದ. ಕ್ಯಾಪಿನ ತುಂಬ ಗುಂಡು ಹಿಡಿದು, ಭಿಕ್ಷೆಗೆ ಬಂದವನಂತೆ ನಿಂತ ಗೆಳೆಯನ ಮುಖ ನೋಡಿ ಅವನ ಭುಜ ಹಿಡಿದುಕೊಂಡ. ತನ್ನ ಪಾಲಿನಲ್ಲೇ ಹಂಚಿಕೊಟ್ಟವನಿಗೆ ತಾನು ಮಾಡಿದ್ದೇನು!

"ತಪ್ಪಾಯ್ತು ಆನಂದ್. ಇದ್ರಲ್ಲಿ ಅರ್ಧ ನಿಮ್ದು."

"ಛೆ ಛೆ, ಬೇಡ ಸಲೀಮ್."

"ಬೇಡ ಅನ್ನಬಾರ್ದು. ಎಲ್ಲರ ಮುಂದೆ ಹೇಳ್ತಿದೀನಿ. ಅದೂ ಒದ್ದೆ ಆಗ್ದೇ ಇರೋ ಅರ್ಧ!"

ಆನಂದತೀರ್ಥ ಇನ್ನೂ ಬೇಡ ಬೇಡ ಎನ್ನುತ್ತಲೇ ಕಾರಿನ ಡಿಕ್ಕಿ ತೆರೆದ. ಬೀರುವಿನ ಮೇಲಿನ ಅರೆಯಲ್ಲಿ ಬೆಚ್ಚಗೆ ಕೂತಿದ್ದ ಗಟ್ಟಿ ಪೆಟ್ಟಿಗೆಗಳನ್ನೆಲ್ಲ ಸಲೀಮ್ ತಾನೇ ಹೊತ್ತು ತುಂಬಿಸಿದ. ಜಯರಾಮ್ ಒಂದೆರಡು ಎತ್ತಿಕೊಟ್ಟ. ಅಜ್ಜಿ, "ಮನಸ್ಸು ದೊಡ್ಡದದ ನಿಂದು" ಎಂದರು. ಕಾರು ಹಿಂಭಾಗ ತಗ್ಗಿಸಿಕೊಂಡು ಮೆಲ್ಲಗೆ ಹೋಯಿತು. ಅಂದು ರೇಂಜಿಗೆ ಹೋಗುವ ಮಾತನ್ನು ಇಬ್ಬರೂ ಮರೆತರು. ಎಷ್ಟೋ ತಿಂಗಳ ಮೇಲೆ ಸಲೀಮನಿಗೆ ಎದೆ ಹಗುರಾದಂತೆ ಅನ್ನಿಸಿತು. ಸಾಲೇಹಾ ಕೂಡ ಬೈಯದೆ, ಅನ್ನದ ಬದಲು ಅವನ ತಟ್ಟೆಗೆ ಎರಡು ಬ್ರೆಡ್ಡು ಹಾಕಿದಳು.

ಸಂಜೆ ಬಾಗಿಲ ಬಳಿ ಆನಂದತೀರ್ಥನ ಹೆಂಡತಿ ವಸುಧಾ ನಿಂತಿದ್ದಳು. ಕೈಯಲ್ಲಿ ಅಕ್ಕಿಯ ಚೀಲ.

"ನಿಮ್ಮನೇಲಿ ಅಕ್ಕಿ ಖಾಲಿ ಅಂತ ಕೇಳ್ದೆ ಸಾಲೇಹಾ. ನಮ್ಮಲ್ಲಿ ಸ್ವಲ್ಪ ಇತ್ತು, ತಗೊಳ್ಳಿ." ಒಳಗೆ ಬಂದು ಕೂತವಳು ಏನೋ ಹೇಳಲು ಹಿಂಜರಿದು, ಕೊನೆಗೆ ಸಲೀಮನತ್ತ ತಿರುಗಿದಳು. "ಅಣ್ಣಾ, ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ದಯವಿಟ್ಟು ಇವರಿಗೆ ಗುಂಡು ಕೊಡಬೇಡಿ."

"ಅಯ್ಯೋ, ಪಾಪ ಅವ್ರ ಹತ್ರ ಇದ್ದಿದ್ದೇ ಚೂರು. ಅದ್ರಲ್ಲೂ ನನಗೆ ಹಂಚಿ..."

"ಚೂರಾ?" ವಸುಧಾ ಅವನನ್ನೇ ನೋಡಿದಳು. "ಗ್ಯಾರೇಜ್ ತುಂಬಿ ಹೋಗಿ ಯಾವ ಕಾಲವಾಯ್ತು! ನನ್ನ ಕಾರು ಬೀದೀಲೇ ನಿಲ್ಲತ್ತೆ. ಗೆಸ್ಟ್ ರೂಮಿನ ಕ್ಲಾಸೆಟ್ಟಿಗೂ ಅದನ್ನೇ ತುಂಬಿ ಬೀಗ ಜಡಿದಿದಾರೆ. ಇವತ್ತು ನೀವು ಕೊಟ್ಟಿದ್ದನ್ನ ಇಡಕ್ಕೆ ನನ್ನ ಸೀರೆ ಬೀರು ಖಾಲಿ ಮಾಡಿಸಿದ್ರು. ಹೊರಗಡೆ ಯಾರಿಗೂ ಗೊತ್ತಾಗಬಾರ್ದು ಅಂತ ರೇಂಜಿಗೆ ಮಾತ್ರ ಒಂದು ಸಣ್ಣ ಡಬ್ಬಿ ತಗೊಂಡ್ ಹೋಗ್ತಾರೆ."

ಸಾಲೇಹಾ ಬಾಯಿಗೆ ದುಪಟ್ಟಾ ಅಡ್ಡ ಹಿಡಿದುಕೊಂಡಳು. ಅವಳ ಭುಜಗಳು ಕುಲುಕುತ್ತಿದ್ದವು. ಸಲೀಮ್ ನಗುವುದೋ ಸಿಟ್ಟಾಗುವುದೋ ತಿಳಿಯದೆ ನೀರು ಕುಡಿದ. ಇಡೀ ಬೀದಿಯ ಮುಂದೆ ಎದೆ ತಟ್ಟಿ ಕೊಟ್ಟದ್ದನ್ನು ಈಗ ಯಾವ ಬಾಯಲ್ಲಿ ವಾಪಸು ಕೇಳುವುದು?

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಆನಂದತೀರ್ಥನೇ. ಸಲೀಮ್ ಸ್ಪೀಕರಿಗೆ ಹಾಕಿದ. ದನಿ ಬೆಣ್ಣೆಯಷ್ಟು ಮೃದುವಾಗಿತ್ತು.

"ಸಲೀಮ್, ನಿಮ್ಮದೇ ಯೋಚನೆ ಆಗಿತ್ತು. ಆ ಒದ್ದೆ ಆಗಿರೋದನ್ನ ಮನೇಲಿ ಇಟ್ಕೊಂಡು ನಿಮಗ್ಯಾಕೆ ತಲೆನೋವು? ಹೆಂಗೂ ಸರಿಯಾಗಿ ಸಿಡಿಯಲ್ಲ. ನಾನೇ ಬಂದು ತಗೊಂಡ್ ಹೋಗಿಬಿಡ್ಲಾ?"

ವಸುಧಾ ಎರಡೂ ಕೈ ಜೋಡಿಸಿ ಬೇಡವೆಂದು ತಲೆಯಾಡಿಸಿದಳು. ಸಾಲೇಹಾ ಬೆರಳೆತ್ತಿ ಎಚ್ಚರಿಸಿದಳು. ಸಲೀಮ್ ಇಬ್ಬರಿಗೂ ಧೈರ್ಯದಿಂದ ತಲೆಯಾಡಿಸಿ, ಉಸಿರು ಬಿಗಿಹಿಡಿದು, ಗಂಟಲು ಸರಿಮಾಡಿಕೊಂಡ.

"ಅಯ್ಯೋ, ಅದಕ್ಕೇನಂತೆ ಆನಂದ್" ಎಂದ. "ಬನ್ನಿ ಬನ್ನಿ. ಚಹಾ ಕುಡ್ಕೊಂಡು ತಗೊಂಡ್ ಹೋಗಿ."