ಮಿಂಚಿನ ಕೊನೆಯ ಓಟ ಮತ್ತು ನನ್ನ ಉದ್ದನೆಯ ಲೆನ್ಸು

ಹೊನ್ನಾಳಿಯಲ್ಲಿ ಆಟೋಫೋಕಸ್ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಬಲ್ಲ ಏಕೈಕ ವಿಜ್ಞಾನ ಮೇಷ್ಟ್ರು ನಾನು ಎಂಬ ನಂಬಿಕೆ ನನಗಿತ್ತು. ಓಡುವುದನ್ನು, ಹಾರುವುದನ್ನು ಹಿಡಿಯಲು ಯಾವ ಕ್ಯಾಮೆರಾ ಬಾಡಿಯನ್ನು ನಂಬಬಹುದು, ಉದ್ದ ಲೆನ್ಸು ಹಾಕಿದಾಗ ಯಾವುದು ಕೈಕೊಡುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಆರು ತಿಂಗಳು ಉಪನ್ಯಾಸ ಕೊಟ್ಟೆ. ಆಮೇಲೆ ಒಂದನ್ನು ಕೊಂಡೇಬಿಟ್ಟೆ. ಮೊಣಕೈಯುದ್ದದ ಲೆನ್ಸಿನ ಸಮೇತ!

ಸುದ್ದಿ ಎದುರುಮನೆ ಹಾಲಪ್ಪನವರ ಕಿವಿಗೆ ಬಿತ್ತು. ಅವರ ಹೋರಿಯ ಹೆಸರು ಮಿಂಚು. ನ್ಯಾಮತಿ ಕಡೆಯ ಹೋರಿ ಬೆದರಿಸುವ ಸ್ಪರ್ಧೆಗಳಲ್ಲಿ ಅದರ ಕೊರಳಿನ ಕೊಬ್ಬರಿ ಹಾರ ಕಿತ್ತುಕೊಂಡ ಗಂಡಸು ಇನ್ನೂ ಹುಟ್ಟಿಲ್ಲ ಎಂಬುದು ಅವರ ಹೆಮ್ಮೆ.

"ಈ ಸಲ ಓಡ್ಸಿ ನಿಲ್ಲಿಸ್ಬಿಡ್ತೀನಿ ಮೇಷ್ಟ್ರೇ, ಅದಕ್ಕೂ ವಯಸ್ಸಾತು. ಗೋಡೆಗೆ ಹಾಕಾಕೆ ಕೊನೇ ಓಟದ್ದು ಒಂದು ಫೋಟೋ ತೆಗೆದುಕೊಡ್ರಿ."

"ಒಂದೇನು, ಇನ್ನೂರು ತೆಗೀತೀನಿ!"

ಇನ್ನೂರು ತೆಗೆದದ್ದು ನಿಜ.

ಸ್ಪರ್ಧೆಯ ದಿನ ಅಖಾಡದ ಬೇಲಿಯ ಬಳಿ ಹಾಲಪ್ಪನವರ ಮಗಳು ಸುಮಾ ಮೊಬೈಲ್ ಎತ್ತಿದಳು. ನಾನು ಗಂಭೀರವಾಗಿ ತಡೆದೆ. "ಒಳಗಿಡಮ್ಮ. ವೇಗ ಹಿಡಿಯೋದು ಮೊಬೈಲಿನ ಕೆಲಸ ಅಲ್ಲ." ಮೇಷ್ಟ್ರ ಮಾತಲ್ಲವೇ? ಪಾಪ, ಒಳಗಿಟ್ಟಳು.

ಮೈತುಂಬ ಬಲೂನು ಕಟ್ಟಿಕೊಂಡ ಮಿಂಚು ನುಗ್ಗಿತು. ಕ್ಯಾಮೆರಾದಲ್ಲಿ ಕಣ್ಣಿಟ್ಟರೆ ಎಲ್ಲ ಮಂಜು ಮಂಜು. ಕನ್ನಡಕ ತೆಗೆದಿಟ್ಟಿದ್ದೇನಲ್ಲ, ಅದಕ್ಕೇ ಎಂದುಕೊಂಡೆ. ಕ್ಯಾಮೆರಾವನ್ನು ಅನುಮಾನಿಸುವಷ್ಟು ಕೃತಘ್ನ ನಾನಲ್ಲ!

"ಒಂದ್ಸಲ ನೋಡ್ಕಳ್ರೀ, ಫೋಟೋ ಬರಾಕೆ ಹತ್ತೈತಾ ಇಲ್ಲಾ ಅಂತ" ಎಂದಳು ಪಕ್ಕದಲ್ಲಿದ್ದ ಹೆಂಡತಿ ಶಾರದಾ.

"ಆಟೋಫೋಕಸ್ ಅಂದ್ರೆ ಅದೇ ನೋಡ್ಕೊಳ್ಳುತ್ತೆ!"

ಕೊಬ್ಬರಿ ಯಾರ ಕೈಗೂ ಸಿಗಲಿಲ್ಲ. ಮಿಂಚು ಗೆದ್ದಿತು. ನಾನು ಆಗಲೂ ಬಿಡಲಿಲ್ಲ; ಅದು ಬೇವಿನ ಮರದ ಕೆಳಗೆ ನಿಂತು ಮೆಲುಕು ಹಾಕುತ್ತಿದ್ದಾಗಲೂ ನಾಲ್ಕು ತೆಗೆದೆ.

ಸಂಜೆ ಹಾಲಪ್ಪನವರ ಪಡಸಾಲೆಯಲ್ಲಿ ಮನೆಮಂದಿಯೆಲ್ಲ ನನ್ನ ಸುತ್ತ ಕೂತರು. ಫೋಟೋಗಳನ್ನು ಒಂದೊಂದಾಗಿ ತೋರಿಸಿದೆ.

"ಇದು ಹೋರಿನಾ ಸಾರ್?" ಎಂದಳು ಸುಮಾ.

"ಅಲ್ಲಮ್ಮ. ಹಿಂದಿನದು ಹೋರಿ. ಇದು ಬಹುಶಃ ಜನ."

ಇನ್ನೂರರಲ್ಲಿ ಒಂದೂ ನೆಟ್ಟಗಿರಲಿಲ್ಲ. ಆದರೂ ಮರ್ಯಾದೆ ಉಳಿಸಿಕೊಳ್ಳಬೇಕಲ್ಲ? "ಈ ಬಾಡಿಯ ಆಟೋಫೋಕಸ್ಸೇ ದೋಷಪೂರಿತ. ಕಂಪನಿಯವರನ್ನು ಸುಮ್ಮನೆ ಬಿಡೋದಿಲ್ಲ!" ಎಂದು ಗುಡುಗಿದೆ.

"ಇರ್ಲಿ ಬಿಡ್ರಿ, ಬಂದಷ್ಟು ನಮ್ಮ ಮೊಬೈಲಿಗೆ ಕಳಿಸ್ರಿ" ಎಂದರು ಹಾಲಪ್ಪ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎಲ್ಲವನ್ನೂ ಕಳಿಸಿದೆ.

ಮರುದಿನ ಶಿವಮೊಗ್ಗದ ಬಸ್ಸು ಹತ್ತಿದೆ. ರಿಪೇರಿಯವನು ನನ್ನ ಅರ್ಧ ಗಂಟೆಯ ದೂರನ್ನು ಸಮಾಧಾನದಿಂದ ಕೇಳಿದ. ನಂತರ ಲೆನ್ಸಿನ ಪಕ್ಕದ ಪುಟ್ಟ ಗುಂಡಿಯನ್ನು ಉಗುರಿನಿಂದ ತಳ್ಳಿದ. ಟಿಕ್!

"ಆಟೋಫೋಕಸ್ ಆಫ್ ಆಗಿತ್ತು ಸಾರ್."

ಆಫ್ ಮಾಡಿದವನು ನಾನೇ. ಓಟದ ಹಿಂದಿನ ದಿನ ತುಳಸಿ ಗಿಡಕ್ಕೆ ಬರುವ ಚಿಟ್ಟೆಗೆ ಕೈಯಾರೆ ಫೋಕಸ್ ಮಾಡುವ ಕಲೆಯನ್ನು ಶಾರದೆಗೆ ತೋರಿಸಲು ಹೋಗಿದ್ದೆ. ಚಿಟ್ಟೆಯೂ ಬಂದಿರಲಿಲ್ಲ, ಗುಂಡಿಯನ್ನು ಮತ್ತೆ ತಳ್ಳುವ ನೆನಪೂ ಬಂದಿರಲಿಲ್ಲ.

ನಾಲ್ಕು ದಿನ ಎದುರುಮನೆಯ ಕಡೆ ತಲೆ ಎತ್ತಲಿಲ್ಲ. ಐದನೆಯ ದಿನ ತಪ್ಪೊಪ್ಪಿಕೊಳ್ಳಲು ಶಾರದೆಯ ಜೊತೆ ಹೋದೆ. ಗೋಡೆಯ ಮೇಲೆ ದೊಡ್ಡ ಫ್ರೇಮು! ಅದರೊಳಗೆ ನಾನು ತೆಗೆದ ಫೋಟೋ, ಕೊಂಬಿದ್ದಂತೆ ಕಾಣುವ ಒಂದು ಮಸುಕು ಕಲೆ. ಸಾಸ್ವೆಹಳ್ಳಿಯಿಂದ ಬಂದ ನೆಂಟರಿಗೆ ಹಾಲಪ್ಪ ವಿವರಿಸುತ್ತಿದ್ದರು.

"ಹೆಂಗೆ ಓಡೈತೆ ನೋಡ್ರಿ! ಕೊಬ್ಬರಿ ಹಿಡಿಯಾಕೆ ಬಂದೋರಿಗೂ ಸಿಗ್ಲಿಲ್ಲ, ಅಷ್ಟುದ್ದದ ಲೆನ್ಸಿಗೂ ಸಿಗ್ಲಿಲ್ಲ! ಇವರೇ ನೋಡ್ರಿ ಆ ಮೇಷ್ಟ್ರು."

ನೆಂಟರು ನನ್ನನ್ನು ಕನಿಕರದಿಂದ ನೋಡಿದರು. ಹೇಳಿಬಿಡೋಣವೆಂದು ಬಾಯಿ ತೆರೆದೆ. ಹಾಲಪ್ಪನವರ ಅರಳಿದ ಮುಖ ನೋಡಿ ಮುಚ್ಚಿದೆ.

ಶಾರದಾ ಫ್ರೇಮನ್ನು ಹತ್ತಿರದಿಂದ ನೋಡಿ ನನ್ನ ಕಿವಿಯಲ್ಲಿ ಕೇಳಿದಳು: "ನಾಲ್ಕೂ ಕಾಲು ನೆಲದ ಮೇಲೇ ಅದಾವಲ್ರೀ?"

"ಮೆಲ್ಲಗೆ ಮಾತಾಡೆ. ಅದು ಬೇವಿನ ಮರದ ಕೆಳಗಿಂದು."

ಓಡುವ ಮಿಂಚಿಗೆ ಸೋತವರು ಈ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನಿಂತ ಮಿಂಚಿಗೆ ಸೋತವನು ನಾನೊಬ್ಬನೇ!