ಬಾತುಗಳಿಗೆ ಮಾವ ಮಾಡಿದ ಬಿನ್ನಹ

ನೆಂಟರು ಬಂದರೆ ನನ್ನ ಸೋದರಮಾವನಿಗೆ ತಲೆನೋವು ಬರುತ್ತಿತ್ತು. ರೆಕ್ಕೆಯಿರುವ ನೆಂಟರು ಬಂದರೆ ಮಾತ್ರ ಅದು ವಾಸಿಯಾಗುತ್ತಿತ್ತು! ಯಳಂದೂರಿನಿಂದ ಮುಳ್ಳೂರಿಗೆ ನಾನು ಅಷ್ಟು ದೂರ ಹೋದರೆ, "ಯಾವಾಗ ಬಂದೆ?" ಎನ್ನುವ ಮೊದಲು "ಯಾವಾಗ ಓಯ್ತೀಯ?" ಎನ್ನುತ್ತಿದ್ದ ಮನುಷ್ಯ, ಚಳಿಗಾಲದಲ್ಲಿ ಊರ ಕೆರೆಗೆ ಇಳಿಯುವ ಬಾತುಗಳಿಗೆ ಚಪ್ಪಲಿ ಕಳಚಿ ಕೈಮುಗಿಯುತ್ತಿದ್ದರು.

ಅವು ಇಲ್ಲಿಯ ಬಾತುಗಳಲ್ಲ. ಬೂದಿ ಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂದೆ ಅಡ್ಡಕ್ಕೆ ಎರಡು ಕಪ್ಪು ಪಟ್ಟೆ. ಬರುವುದು ಉತ್ತರದಿಂದ. ಇಷ್ಟು ಸಾಕ್ಷಿ ಸಾಲದೆ? ಇವರು ಕೈಲಾಸದಿಂದ ಬರುವ ಜಂಗಮರು ಎಂದು ಮಾವ ತೀರ್ಮಾನಿಸಿಬಿಟ್ಟಿದ್ದರು.

"ವಿಭೂತಿ ಮೂರು ಬೆರಳಲ್ಲಿ ಇಡ್ತಾರೆ. ಇವುಕ್ಕೆ ಎರಡೇ ಅದಲ್ಲ?" ಅತ್ತೆಯ ತಕರಾರು.

"ಇಮಾಲಯ ದಾಟೋವಾಗ ಗಾಳಿಗೆ ಒಂದು ಅಳಿಸೋಗದೆ ಕಣಮ್ಮಿ."

"ಕಪ್ಪಗ್ಯಾಕವೆ?"

"ಅಷ್ಟು ದೂರ ಬಿಸ್ಲಲ್ಲಿ ನೀನು ಬಾ. ನೀನೂ ಕಪ್ಪಗಾಯ್ತೀಯ."

ಜಂಗಮರು ಕರೆಯದೆ ಊಟಕ್ಕೆ ಬರುವವರಲ್ಲ. ಹಿಂದಿನ ದಿನವೇ ಹೋಗಿ ಬಿನ್ನಹ ಮಾಡಬೇಕು. ಮಾವ ಅದನ್ನೂ ಬಿಡಲಿಲ್ಲ. ಮಿಂದು, ವಿಭೂತಿ ಧರಿಸಿ, ಒಗೆದ ವಸ್ತ್ರ ಹೆಗಲಿಗೆ ಹಾಕಿಕೊಂಡು, ಕೆರೆಯಂಚಿನ ಕೆಸರಲ್ಲಿ ಮೊಣಕಾಲುದ್ದ ನಿಂತು, "ಬುದ್ಧೀ, ನಾಳೆ ನಮ್ಮ ಒಲಕ್ಕೆ ದಯಮಾಡಿಸ್ಬೇಕು" ಎನ್ನುತ್ತಿದ್ದರು.

ದಯಮಾಡಿಸದೆ ಇರುತ್ತವೆಯೇ? ಕೆರೆಗೆ ಅಂಟಿಕೊಂಡ ಆ ಹೊಲದಲ್ಲಿ ಅತ್ತೆ ಬಿತ್ತಿದ ಹುರುಳಿ ಆಗತಾನೆ ಎಲೆ ಬಿಟ್ಟಿರುತ್ತಿತ್ತು. ಎತ್ತಿನ ಮೇವು, ಮನೆಯ ವರ್ಷದ ಸಾರು, ಎಲ್ಲಕ್ಕೂ ಅದೇ. ಅತ್ತೆ ಮಣ್ಣಿನ ಹೆಂಟೆ ಎತ್ತಿದರೆ ಮಾವ ಅಡ್ಡ ನಿಲ್ಲುತ್ತಿದ್ದರು.

"ಕರ್ದು, ಎಲೆ ಮುಂದಿಂದ ಎಬ್ಬುಸ್ತಾರಾ?"

"ಕರ್ದೋರು ನೀವು. ಬಿತ್ತಿದೋಳು ನಾನು."

ಒಮ್ಮೆ ಹೆಂಟೆ ಮಾವನ ಬೆನ್ನಿಗೇ ಬಿತ್ತು. ಗುರಿ ತಪ್ಪಿತು ಎಂದರು ಅತ್ತೆ. ತಪ್ಪಿರಲಿಲ್ಲವೆಂದು ನನ್ನ ಅನುಮಾನ.

ಒಂದು ಚಳಿಗಾಲ, ಸೂರ್ಯ ಹುಟ್ಟುವ ಮೊದಲೇ ಮಾವ ನನ್ನನ್ನು ಕರೆದೊಯ್ದು ಕೆರೆ ಏರಿಯ ಕೆಳಗೆ, ನೀರಂಚಿನ ಕಲ್ಲಿನ ಮೇಲೆ ಕೂರಿಸಿದರು. ನಾನು ನಗಲೆಂದೇ ಹೋಗಿದ್ದೆ.

"ಆಗಿನ ಕಾಲ್ದಲ್ಲಿ ನಿಮ್ಮ ಯಳಂದೂರು ಮೈಸೂರು ಸೀಮೆ, ನಮ್ಮ ಮುಳ್ಳೂರು ಮದ್ರಾಸು ಸೀಮೆ. ಇವರ್ದು ಯಾವ್ದು ಯೋಳು ನೋಡವ" ಎಂದವರು ಉತ್ತರಕ್ಕೆ ಕಾಯದೆ ಮೇಲೆ ನೋಡಿದರು.

ಮೊದಲು ಬಂದದ್ದು ದನಿ. ಬಹಳ ಜನ ಒಟ್ಟಿಗೆ ಮಾತಾಡಿಕೊಂಡು ಮಂಜಿನ ಮೇಲೆ ನಡೆದು ಬರುವಂತೆ. ಆಮೇಲೆ ಒಂದು ಸಾಲು, ಅದರ ಹಿಂದೆ ಇನ್ನೊಂದು, ಆಕಾಶದ ತುಂಬ ಸಾಲುಗಳು. ನಾವು ಕೂತ ನೆಲದ ಮೇಲೆ ಇನ್ನೂ ಕತ್ತಲಿತ್ತು, ಅವುಗಳ ಹೊಟ್ಟೆಗಳಿಗೆ ಆಗಲೇ ಬಿಸಿಲು ತಾಗಿತ್ತು. ರೆಕ್ಕೆ ಬಿಗಿಹಿಡಿದು, ಕಾಲು ಮುಂದೆ ಚಾಚಿ, ಒಂದೊಂದೂ ನೀರನ್ನು ಸೀಳಿಕೊಂಡು ಇಳಿಯಿತು. ಕೆರೆಯ ನಡುವೆ ಎದ್ದ ಅಲೆ ಬಂದು ನನ್ನ ಕಾಲು ನೆನೆಸುವವರೆಗೆ ಉಸಿರು ಬಿಟ್ಟ ನೆನಪಿಲ್ಲ. ನೋಡಿಕೊಂಡರೆ, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಯಾವಾಗ ಕಳಚಿದೆನೋ!

ಮಾವ ಅದನ್ನು ನೋಡಿಯೂ ನೋಡದವರಂತೆ ಇದ್ದರು. ಆ ಸಲ ಮಾತ್ರ ಯಾವಾಗ ಓಯ್ತೀಯ ಎಂದು ಕೇಳಲಿಲ್ಲ.

ಕಳೆದ ಆಷಾಢದಲ್ಲಿ ಮಾವ ತೀರಿಕೊಂಡರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಆ ಹೊಲದ ಮೂಲೆಯಲ್ಲೇ, ಕೆರೆಗೆ ಮುಖ ಮಾಡಿ ಕೂರಿಸಿದೆವು.

ಈ ವರ್ಷವೂ ಅತ್ತೆ ಹುರುಳಿ ಬಿತ್ತಿದರು. ಇನ್ನಾದರೂ ಬೆಳೆ ಅವರಿಗೆ ದಕ್ಕಲಿ ಎಂದು, ಬಾತು ಓಡಿಸಲು ನಾನೇ ಬಂದು ನಿಂತೆ.

ಮೊನ್ನೆ ಬೆಳಿಗ್ಗೆ ಅವು ಬಂದವು. ಯಾರೂ ಬಿನ್ನಹ ಮಾಡಿರಲಿಲ್ಲ. ಕೆರೆಯಿಂದ ಸಾಲಾಗಿ ಹೊಲಕ್ಕೆ ಹತ್ತಿ, ಮಾವನ ಮೇಲಿನ ಮಣ್ಣಿನ ಗುಡ್ಡೆಯ ಸುತ್ತ ಮೇಯತೊಡಗಿದವು. ನಾನು ಹೆಂಟೆ ಎತ್ತಿದೆ. ಹಿಂದಿನಿಂದ ಅತ್ತೆ ಬಂದು ನನ್ನ ಕೈ ಹಿಡಿದುಕೊಂಡರು. ಬೆರಳು ಬಿಡಿಸಿ, ಹೆಂಟೆ ತಕ್ಕೊಂಡು ಕೆಳಗಿಟ್ಟರು.

"ಬ್ಯಾಡ ಕಣಪ್ಪ. ಕರ್ದೋರು ಅಲ್ಲೇ ಕುಂತವ್ರೆ."