ಕಾಲು ತೆಗೆದಾಗ ಬರುವ ಸದ್ದು

ಗಂಡನ ಮೂರನೆಯ ಅಂಗಿಯ ಕಾಲರಿನ ಮೇಲೆ ಅವಳು ಇಸ್ತ್ರಿಪೆಟ್ಟಿಗೆ ಒತ್ತಿ ಹಿಡಿದಿದ್ದಾಗ ಹಿತ್ತಿಲ ಗೋಡೆಯ ಮೇಲೆ ಪಕ್ಕದ ಮನೆಯ ಮೇಷ್ಟ್ರ ತಲೆ ಮೂಡಿತು. ತಲೆ ಮಾತ್ರ. ಗೋಡೆಯಾಚೆ ಅವರು ಸ್ಟೂಲು ಹತ್ತಿ ನಿಂತಿರುತ್ತಾರೆ, ಅವರ ಹೆಂಡತಿ ಕೆಳಗಿನಿಂದ ಸ್ಟೂಲು ಹಿಡಿದುಕೊಂಡಿರುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಬೀದಿಯ ಸುದ್ದಿಗಳು ಆ ಮನೆಗೆ ಬರುವುದೂ ಹೋಗುವುದೂ ಆ ಸ್ಟೂಲಿನ ಮೇಲೆಯೇ.

"ಮೂಲೆಮನೆಯಮ್ಮಾ, ಇವತ್ತು ಅದಕ್ಕೊಂದು ಗತಿ ಕಾಣಿಸ್ತೀವಿ," ಅಂದರು ಮೇಷ್ಟ್ರು.

"ಯಾವುದಕ್ಕೆ ಮೇಷ್ಟ್ರೇ?"

"ಹಿಂದಿನ ಓಣಿ ಮೋರಿಯಲ್ಲಿ ಸೇರಿಕೊಂಡಿದೆಯಲ್ಲ, ಅದಕ್ಕೆ. ದಿನಾ ಹನ್ನೊಂದರ ಹೊತ್ತಿಗೆ ಕೂಗುತ್ತೆ, ನೀವು ಕೇಳೇ ಇಲ್ವಾ? ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದ್ಸಲ. ಹೀಗೆ." ಮೇಷ್ಟ್ರು ಕೆನ್ನೆ ಉಬ್ಬಿಸಿ, ನಾಲಿಗೆಯನ್ನು ಅಂಗುಳಕ್ಕೆ ಬಡಿದು, "ಚುಚುಚುಚುಚು" ಎಂದರು.

ಎಷ್ಟು ಚೆನ್ನಾಗಿ ಎಂದರೆ, ಅವಳ ಬಲಗಾಲು ಚಪ್ಪಲಿಯೊಳಗೆ ತಾನಾಗಿಯೇ ಒಂದಿಷ್ಟು ಮೇಲೆದ್ದಿತು. ಇಸ್ತ್ರಿಪೆಟ್ಟಿಗೆ ಮಾತ್ರ ಏಳಲಿಲ್ಲ. ಕಾಲರ್ ಕಂದುಬಣ್ಣಕ್ಕೆ ತಿರುಗಿ ಹೊಗೆಯಾಡಿದ ಮೇಲೇ ಅವಳಿಗೆ ಎಚ್ಚರವಾದದ್ದು.

"ನಲವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದೀನಮ್ಮಾ. ಸದ್ದು ಕೇಳಿದರೆ ಸಾಕು, ಪ್ರಾಣಿ ಕಣ್ಮುಂದೆ ಬರುತ್ತೆ. ನಾಲ್ಕು ಕಾಲು, ಗಂಟಲಲ್ಲೊಂದು ಚೀಲ, ಮೈಯೆಲ್ಲ ಚಿಪ್ಪು. ಸಿಟ್ಟು ಜಾಸ್ತಿ. ನಮ್ಮ ಸಂಘದ ಉಪಾಧ್ಯಕ್ಷೆ ಆಗಲೇ ನಗರಸಭೆಗೆ ಫೋನ್ ಮಾಡಿದಾರೆ. ನೀವು ಬಾಗಿಲು ಹಾಕ್ಕೊಂಡು ಒಳಗಿರಿ." ತಲೆ ಮುಳುಗಿತು.

ಒಂದೇ ಒಂದು ಮಾತು ಸಾಕಾಗಿತ್ತು. ಮೇಷ್ಟ್ರೇ, ಅದು ಪ್ರಾಣಿಯಲ್ಲ, ನಮ್ಮ ಕಾರು, ಓಡಿಸುವವಳು ನಾನು. ಆದರೆ ಆ ಮಾತು ಮೇಷ್ಟ್ರ ಕಿವಿಗೆ ಬಿದ್ದರೆ ಸ್ಟೂಲು ಹತ್ತುತ್ತದೆ. ಸ್ಟೂಲು ಹತ್ತಿದ್ದು ಸಂಜೆಯೊಳಗೆ ಗಂಡನ ಕಿವಿಗೆ ಬೀಳುತ್ತದೆ. ಮರುದಿನದಿಂದ ಕಾರಿನ ಎರಡೂ ಬೀಗದ ಕೈಗಳು ಅವನ ಜೇಬಿನಲ್ಲೇ ಇರುತ್ತವೆ. ಅಲ್ಲಿಗೆ ದಿನಾ ಕದ್ದು ಓಡಿಸುವ ಅವಳ ಅರ್ಧ ಗಂಟೆ ಮುಗಿದಂತೆಯೇ.

ಅವಳಿಗೆ ಮೊದಲು ತನ್ನದೇ ಪುಟ್ಟ ಕಾರೊಂದಿತ್ತು. ಹದಿನೈದು ವರ್ಷ ಅದರಲ್ಲಿ ಮಗಳನ್ನು ಶಾಲೆಗೂ ಅತ್ತೆಯನ್ನು ಆಸ್ಪತ್ರೆಗೂ ಗಂಡನನ್ನು ನಿಲ್ದಾಣಕ್ಕೂ ಹೊತ್ತು ತಿರುಗಿದ್ದಳು. ಮಗಳು ಹಾಸ್ಟೆಲಿಗೆ ಹೋದ ಮೇಲೆ ಗಂಡ ಆ ಕಾರನ್ನು ಕೊಟ್ಟು, ಮೇಲೊಂದಿಷ್ಟು ಸುರಿದು, ಟರ್ಬೊ ಇರುವ ಈ ಕೆಂಪು ಕಾರನ್ನು ತಂದ. ತಂದವನು ಕಂಪನಿಯ ಬಸ್ಸಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದ. ಕಾರು ವಾರವಿಡೀ ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಮಲಗಿರುತ್ತಿತ್ತು. ಭಾನುವಾರ ಮಾತ್ರ ಹೊರಗೆ. "ಇದು ನಿನ್ನ ಹಳೇ ಡಬ್ಬಾ ಅಲ್ಲ ಕಣೇ. ಸೂಕ್ಷ್ಮ. ನಿನ್ನ ಕಾಲು ಭಾರ," ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದ.

ಆಮೇಲೆ ಸುಮ್ಮನಿರದೆ ಅದಕ್ಕೊಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ. ಮನೆಗೆ ಬಂದ ಆಫೀಸಿನ ಗೆಳೆಯರಿಗೆಲ್ಲ ಅದರ ವಿವರಣೆ. "ಟರ್ಬೊ ಅಂದ್ರೆ ಒಂದು ಫ್ಯಾನು ಅಂದ್ಕೊಳ್ಳಿ. ಇಂಜಿನ್ನಿನ ಬಾಯಿಗೆ ಗಾಳಿ ತುರುಕುತ್ತೆ. ಆಕ್ಸಿಲರೇಟರಿಂದ ಕಾಲು ತೆಗೆದ ತಕ್ಷಣ ಇಂಜಿನ್ನು ಬಾಯಿ ಮುಚ್ಚುತ್ತೆ. ತುರುಕಿದ ಗಾಳಿ ಎಲ್ಲಿಗೆ ಹೋಗಬೇಕು? ಅದಕ್ಕೇ ಒಂದು ಕಿರುಬಾಗಿಲು ಇಟ್ಟಿರ್ತಾರೆ, ಬ್ಲೋ-ಆಫ್ ವಾಲ್ವು ಅಂತ. ಪುಸ್ಸಂತ ಆಚೆ ಹೋಗುತ್ತೆ. ನಾನು ಆ ಬಾಗಿಲಿಗೆ ತಗಡು ಹೊಡೆಸಿಬಿಟ್ಟೆ! ಈಗ ಗಾಳಿ ವಾಪಸ್ ಬಂದು ಫ್ಯಾನಿಗೇ ಬಡಿಯುತ್ತೆ. ಚುಚುಚುಚು! ಟರ್ಬೊ ಫ್ಲಟರ್ ಅಂತಾರೆ."

"ಫ್ಯಾನಿಗೆ ಏಟಾಗಲ್ವೇನ್ರೀ?" ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

"ಸ್ವಲ್ಪ ಆಗುತ್ತೆ. ಆದರೆ ಸೌಂಡ್ ನೋಡಿ!"

ಕಾಫಿಯ ಲೋಟ ಇಡುತ್ತ ಅವಳು ಇದನ್ನು ಎಷ್ಟು ಸಲ ಕೇಳಿದ್ದಳೋ. ಅಲ್ಲಿ ಕೂತವರೆಲ್ಲರಿಗಿಂತ ಚೆನ್ನಾಗಿ ತನಗೆ ಅರ್ಥವಾಗಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಒತ್ತಿದಾಗ ಅರಚುವ ವಾಹನಗಳು ಲೋಕದ ತುಂಬ ಇವೆ. ಇದು ಹಾಗಲ್ಲ. ಕಾಲು ತೆಗೆದಾಗ ಗೊಣಗುತ್ತದೆ. ಮುಂದೆ ನುಗ್ಗಬೇಕೆಂದು ಉಸಿರು ಕಟ್ಟಿಕೊಂಡಿದ್ದಾಗಲೇ ಬೇಡ ಬಿಡು ಅನ್ನಿಸಿಕೊಂಡದ್ದು ಗೊಣಗದೆ ಇನ್ನೇನು ಮಾಡೀತು? ಅವಳು ಮಾತ್ರ ಇಷ್ಟು ವರ್ಷ ಸದ್ದಿಲ್ಲದೆ ಕಾಲು ತೆಗೆದಿದ್ದಳು.

ಮೊದಲ ಸಲ ಕದ್ದು ಕಾರು ತೆಗೆದದ್ದು ಹೋದ ವರ್ಷ, ಬ್ಯಾಟರಿ ಸತ್ತುಹೋದೀತು ಎಂಬ ನೆಪದಲ್ಲಿ. ಎರಡನೆಯ ಸಲಕ್ಕೆ ನೆಪ ಬೇಕಾಗಲಿಲ್ಲ. ಪೆಟ್ರೋಲು ಅವಳೇ ಹಾಕಿಸುತ್ತಿದ್ದಳು. ಪೆಟ್ರೋಲಿನ ಮುಳ್ಳು ಇಳಿಯದಿರುವುದನ್ನು ಕಂಡ ಗಂಡ, ತನ್ನ ಟ್ಯೂನಿಂಗಿನ ಮಹಿಮೆಯೆಂದು ಬಸ್ಸಿನಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದ. ಓಡಿದ ಕಿಲೋಮೀಟರಿನ ಅಂಕಿಯನ್ನು ಅವನು ನೋಡಿದವನೇ ಅಲ್ಲ. ಅವನ ಕಣ್ಣೆಲ್ಲ ಹೊಸದಾಗಿ ಹಾಕಿಸಿದ ಒತ್ತಡದ ಮೀಟರಿನ ಮೇಲೆ. ಗ್ಯಾರೇಜು ತೆರೆಯುವುದು ಹಿಂದಿನ ಓಣಿಗೆ. ಎರಡೂ ಕಡೆ ಎತ್ತರದ ಗೋಡೆ, ಒಂದು ಕಿಟಕಿಯೂ ಇಲ್ಲ. ಅವಳು ಗ್ಯಾರೇಜಿನಿಂದ ಹೊರಟವಳೇ ಒಮ್ಮೆ ಚೆನ್ನಾಗಿ ಒತ್ತಿ, ಮೇಷ್ಟ್ರ ಗೋಡೆಯ ಹಿಂದೆ ಮೋರಿ ಹಾಯುವಲ್ಲಿರುವ ಉಬ್ಬಿಗೆ ಕಾಲು ತೆಗೆಯುತ್ತಿದ್ದಳು. ಬರುವಾಗಲೂ ಹಾಗೆಯೇ. ಗಂಡನೋ, ಕಾರಿನ ಹೊಟ್ಟೆ ತಗುಲೀತೆಂದು ಓಣಿಯುದ್ದಕ್ಕೂ ಬಸುರಿಯನ್ನು ನಡೆಸಿಕೊಂಡು ಹೋಗುವಂತೆ ಹೋಗುತ್ತಿದ್ದ. ಹಾಗಾಗಿ ಭಾನುವಾರ ಪ್ರಾಣಿಗೂ ರಜೆ.

ಇವತ್ತು ಹೋಗಲೇಬಾರದು ಎಂದುಕೊಂಡು ಅವಳು ಉಳಿದ ಅಂಗಿಗಳನ್ನು ಮುಗಿಸಿದಳು. ಹನ್ನೊಂದಾಗುತ್ತ ಬಂತು. ಮೆಲ್ಲಗೆ ಹೋದರೆ ಸದ್ದೇ ಬರುವುದಿಲ್ಲವಲ್ಲ, ಎಂದಿತು ಮನಸ್ಸು. ಮುಖ್ಯರಸ್ತೆವರೆಗೆ ಮೆಲ್ಲಗೆ. ಆಮೇಲೆ ನನ್ನಿಷ್ಟ.

ಹಾಗೇ ಮಾಡಿದಳು. ಊರಾಚೆಯ ಖಾಲಿ ರಸ್ತೆಯಲ್ಲಿ ಮನಸಾರೆ ಒತ್ತಿದಳು, ಮನಸಾರೆ ತೆಗೆದಳು. ಹಗುರಾಗಿ, ಗುನುಗಿಕೊಳ್ಳುತ್ತ ಓಣಿಗೆ ತಿರುಗಿದವಳು ಗಕ್ಕನೆ ಬ್ರೇಕು ಹಾಕಿದಳು.

ಉಬ್ಬು ಇರಲಿಲ್ಲ. ಉಬ್ಬಿದ್ದ ಜಾಗದಲ್ಲಿ ಓಣಿಯಗಲಕ್ಕೂ ಗುಂಡಿ ಬಾಯ್ದೆರೆದಿತ್ತು. ಗುಂಡಿಯಂಚಿನಲ್ಲಿ ಮೇಷ್ಟ್ರು, ಉಪಾಧ್ಯಕ್ಷೆ, ನಗರಸಭೆಯ ಮೇಸ್ತ್ರಿ ಮತ್ತು ಇಬ್ಬರು ಕೆಲಸದವರು ಬಗ್ಗಿ ನಿಂತಿದ್ದರು. ಅವರ ಬೆನ್ನುಗಳಷ್ಟೇ ಅವಳಿಗೆ ಕಂಡವು. ಅವರು ತಿರುಗುವ ಮೊದಲೇ ರಿವರ್ಸ್ ಹಾಕಿ, ಎರಡು ತಿರುವು ದಾಟಿ, ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿದಳು. ಒಂದು ಚೀಲ ಟೊಮೇಟೊ ಕೊಂಡು, ಸಂತೆಯಿಂದ ಬರುವವಳಂತೆ ನಡೆದುಕೊಂಡು ಬಂದಳು.

"ಏನ್ರೀ, ಒಳಗಿರಿ ಅಂದ್ರೆ ಟೊಮೇಟೊ ತರೋಕೆ ಹೋಗಿದ್ರಾ?" ಎಂದರು ಉಪಾಧ್ಯಕ್ಷೆ. ಬೀದಿಯ ಸಂಘಕ್ಕೆ ಅಧ್ಯಕ್ಷರು ಯಾರೆಂದು ಯಾರಿಗೂ ನೆನಪಿರಲಿಲ್ಲ; ಇವರನ್ನು ಮರೆಯಲು ಯಾರಿಗೂ ಧೈರ್ಯವಿರಲಿಲ್ಲ.

"ಸಿಕ್ಕಿತಾ ಅಕ್ಕಾ?"

"ಎಲ್ಲಿ? ಇವತ್ತೇ ಕೂಗಲಿಲ್ಲ, ಹಾಳಾದ್ದು."

"ಬುದ್ಧಿವಂತ ಪ್ರಾಣಿ," ಎಂದರು ಮೇಷ್ಟ್ರು, ತಮ್ಮ ಶಿಷ್ಯನನ್ನು ಹೊಗಳುವವರಂತೆ. "ನಮ್ಮ ಹೆಜ್ಜೆಸಪ್ಪಳ ಕೇಳಿ ಉಸಿರು ಬಿಗಿಹಿಡಿದು ಕೂತಿದೆ."

ಅವಳು ಮೇಸ್ತ್ರಿಯ ಕಡೆ ತಿರುಗಿದಳು. "ಗುಂಡಿ ಯಾವಾಗ ಮುಚ್ತೀರಿ?"

"ಅದು ಕೂಗೋವರೆಗೆ ಮುಚ್ಚಂಗಿಲ್ಲ ಅಂತ ಮೇಡಂ ಆರ್ಡರ್ ಆಗಿದೆಯಮ್ಮಾ. ಇವತ್ತು ಕೂಗಿದ್ರೆ ಇವತ್ತು. ನಾಳೆ ಕೂಗಿದ್ರೆ ನಾಳೆ."

ಆರು ಗಂಟೆಗೆ ಗಂಡ ಬರುತ್ತಾನೆ. ಬಂದವನು ಬೂಟು ಬಿಚ್ಚುವುದಕ್ಕೂ ಮೊದಲು ಗ್ಯಾರೇಜಿಗೆ ಹೋಗಿ ಹೊದಿಕೆಯ ಮೇಲೊಮ್ಮೆ ಕೈಯಾಡಿಸುತ್ತಾನೆ. ಇವತ್ತು ಕೈಯಾಡಿಸಲು ಹೊದಿಕೆಯೊಂದೇ ಇರುತ್ತದೆ.

ಮಧ್ಯಾಹ್ನ ಎರಡು ಸಲ ಹೋಗಿ ನೋಡಿಬಂದಳು. ಎರಡನೆಯ ಸಲ ಮೇಷ್ಟ್ರು ಗುಂಡಿಯಂಚಿಗೆ ಸ್ಟೂಲು ತರಿಸಿಕೊಂಡು ಕೂತಿದ್ದರು. ಪ್ರಾಣಿಯನ್ನು ಹುರಿದುಂಬಿಸಲು ಆಗಾಗ ತಾವೇ "ಚುಚುಚು" ಎನ್ನುತ್ತಿದ್ದರು. ಕೆಲಸದವರಲ್ಲಿ ಒಬ್ಬ ಗೋಡೆಗೊರಗಿ ನಿದ್ದೆಹೋಗಿದ್ದ.

ಮೋರಿ ಓಣಿ ದಾಟಿ, ಮನೆಗಳ ಅಡಿಯಲ್ಲಿ ಹಾದು, ಆಚೆ ಬೀದಿಯಲ್ಲಿ ಮತ್ತೆ ತಲೆ ಹಾಕುತ್ತದೆ ಎಂಬುದು ಅವಳಿಗೆ ಹೊಳೆದದ್ದು ಆಗಲೇ. ಪ್ರಾಣಿ ಅಂದ ಮೇಲೆ ಅದಕ್ಕೂ ಕಾಲಿದೆ. ಒಂದೇ ಕಡೆ ಯಾಕೆ ಕೂತಿರಬೇಕು?

ಅಂಗಡಿಯ ಮುಂದಿನಿಂದ ಕಾರು ತೆಗೆದು ಆಚೆ ಬೀದಿಗೆ ಬಂದಳು. ಮೋರಿಯ ಬಾಯಿ ಕಂಡಿತು. ಎರಡನೇ ಗೇರಿನಲ್ಲಿ ನೆಲಕ್ಕೊತ್ತಿದಳು. ಮೀಟರಿನ ಮುಳ್ಳು ಮೇಲೇರಿತು. ಬೆಳಗಿನಿಂದ ಕಟ್ಟಿಕೊಂಡಿದ್ದುದೆಲ್ಲ ಪಾದಕ್ಕಿಳಿದಂತಾಗಿ, ಸರಿಯಾಗಿ ಮೋರಿಯ ಮೇಲೆ ಕಾಲು ತೆಗೆದಳು.

ಚುಚುಚುಚುಚುಚುಚು!

ಜನ್ಮದಲ್ಲಿ ಅಷ್ಟು ಚೆಂದಾಗಿ ಬಂದಿರಲಿಲ್ಲ. ಮನೆಗಳಾಚೆಯಿಂದ ಮೇಷ್ಟ್ರ ಕೂಗು ಕೇಳಿತು: "ಆಚೆ ಬೀದಿ! ಆಚೆ ಬೀದಿ! ಓಡ್ರೋ!" ಅವಳು ತಿರುವಿನಲ್ಲಿ ಮರೆಯಾಗುವ ಹೊತ್ತಿಗೆ ಸಲಿಕೆ, ಗುದ್ದಲಿ, ಸ್ಟೂಲು ಎಲ್ಲವೂ ಅಲ್ಲಿಗೆ ಬಂದು ಮುಟ್ಟಿದವು. ಬೇಕಾಗಿದ್ದುದು ಪ್ರಾಣಿ; ಕಾರು ಯಾರ ಕಣ್ಣಿಗೂ ಬೀಳಲಿಲ್ಲ.

ಓಣಿಯಲ್ಲಿ ಉಳಿದಿದ್ದವನು ಮೇಸ್ತ್ರಿಯೊಬ್ಬನೇ. ಗುಂಡಿಯ ಪಕ್ಕ ಬೀಡಿ ಹಚ್ಚುತ್ತಿದ್ದ.

"ಕಾರು ಆಚೆ ಹೋಗಬೇಕಿತ್ತಲ್ಲ," ಎಂದಳು ಅವಳು, ಕಿಟಕಿಯ ಗಾಜಿಳಿಸಿ.

ಅವನು ಎರಡು ಕಬ್ಬಿಣದ ತಗಡು ಎಳೆದು ಗುಂಡಿಯ ಮೇಲೆ ಹಾಸಿ, ಬಾ ಎಂದು ಕೈ ಬೀಸಿದ. ತಗಡಿನ ಅಂಚು ಹತ್ತಲು ತುಸು ಜೋರಾಗಿಯೇ ಒತ್ತಬೇಕಾಯಿತು. ಹತ್ತಿದ್ದೇ ತಡ, ಹೆದರಿ ಕಾಲು ತೆಗೆದಳು.

ಚುಚುಚು.

ಮೇಸ್ತ್ರಿ ಕಾರನ್ನು ನೋಡಿದ. ಗುಂಡಿಯನ್ನು ನೋಡಿದ. ಅವಳನ್ನು ನೋಡಿದ.

"ನಮಗ್ಯಾಕಮ್ಮಾ ಊರ ಉಸಾಬರಿ," ಎಂದ ಹೊಗೆ ಬಿಡುತ್ತ. "ತೋಡು ಅಂದ್ರೆ ತೋಡ್ತೀವಿ. ಮುಚ್ಚು ಅಂದ್ರೆ ಮುಚ್ತೀವಿ. ಈಗ ಅಲ್ಲೊಂದು ತೋಡ್ಬೇಕು."

ಆರು ಗಂಟೆಗೆ ಗಂಡ ಬಂದು ಹೊದಿಕೆಯ ಮೇಲೆ ಕೈಯಾಡಿಸಿದ. ಎಲ್ಲ ಇದ್ದಲ್ಲೇ ಇತ್ತು. ಅವಳಿಗೆ ಬೆಳಗಿನಿಂದ ಮೊದಲ ಸಲ ಸರಾಗವಾಗಿ ಉಸಿರಾಡಿತು. ಅಷ್ಟರಲ್ಲಿ ಮೇಷ್ಟ್ರು ಮತ್ತು ಉಪಾಧ್ಯಕ್ಷೆ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ಜಗಲಿಗೆ ಬಂದರು.

"ನೀವಾದ್ರೂ ಓದಿದವರು, ಒಂದು ಅರ್ಜಿ ಬರೆದುಕೊಡಿ ಸ್ವಾಮಿ," ಎಂದು ಮೇಷ್ಟ್ರು ಕಥೆಯನ್ನೆಲ್ಲ ಹೇಳಿ, ಸದ್ದನ್ನೂ ಮಾಡಿ ತೋರಿಸಿದರು.

ಗಂಡನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಇನ್ನೊಂದ್ಸಲ ಮಾಡಿ."

ಮೇಷ್ಟ್ರು ಮಾಡಿದರು. ಗಂಡ ಸಂಗೀತ ಕೇಳುವವನಂತೆ ಕಣ್ಣು ಮುಚ್ಚಿದ. ಅಡುಗೆಮನೆಯ ಬಾಗಿಲಲ್ಲಿ ಅವಳು ಗೋಡೆ ಹಿಡಿದುಕೊಂಡಳು.

"ಮೇಷ್ಟ್ರೇ, ಇದು ಪ್ರಾಣಿಯಲ್ಲ. ಟರ್ಬೊ. ವಾಲ್ವು ಮುಚ್ಚಿಸಿರೋ ಕಾರು."

"ಕಾರಾ!" ಎಂದರು ಉಪಾಧ್ಯಕ್ಷೆ. "ಅಂದ್ರೆ ನಿಮ್ಮದೇ..."

"ನಮ್ಮದು ಹೊದಿಕೆಯೊಳಗಿದೆಯಲ್ರೀ, ಈಗಷ್ಟೇ ನೋಡಿ ಬಂದೆ." ಅವನ ದನಿಯಲ್ಲಿ ಅನುಮಾನವಿರಲಿಲ್ಲ, ಅದಕ್ಕಿಂತ ಕೆಟ್ಟದ್ದೇನೋ ಇತ್ತು. "ಈ ಏರಿಯಾದಲ್ಲಿ ಇನ್ನೊಬ್ಬ ಇದಾನೆ. ಏಳು ಸಲ ಬಡೀತು ಅಂದ್ರಾ? ನಾನು ಎಷ್ಟು ಒದ್ದಾಡಿದರೂ ನಾಲ್ಕರ ಮೇಲೆ ಬರಲ್ಲ. ಕಾಲಂದ್ರೆ ಅದು ಕಾಲು! ಯಾವಾಗ ಒತ್ತಬೇಕು, ಯಾವಾಗ ತೆಗೀಬೇಕು ಅಂತ ಗೊತ್ತಿರೋನು. ರೇಸ್ ಓಡಿಸಿದ ಗಂಡಸೇ ಇರಬೇಕು."

ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಗಂಡ ಅವಳ ಯಾವ ಕೆಲಸವನ್ನೂ ಹೀಗೆ ಹೊಗಳಿರಲಿಲ್ಲ. ಅವಳ ಕಿವಿ ಬಿಸಿಯಾಯಿತು. ನಾನೇ ಅನ್ನುವ ಮಾತು ತುಟಿಯವರೆಗೆ ಬಂದು, ಹಿಂದೆ ತಿರುಗಿ, ಎಲ್ಲೋ ಒಳಗೆ ಬಡಿಯಿತು.

"ನಾನು ಸ್ಕೂಲ್ ಹುಡುಗನ ಥರ ಬಸ್ಸಲ್ಲಿ ಹೋಗ್ತೀನಿ, ಅವನು ನನ್ನ ಗ್ಯಾರೇಜಿನ ಮುಂದೆ ಬಂದು ಮೆರೀತಾನೆ," ಎಂದ ಗಂಡ ಎದ್ದು ನಿಂತು. "ಆಯ್ತು. ನಾಳೆಯಿಂದ ನಾನೂ ದಿನಾ ಕಾರಲ್ಲೇ ಆಫೀಸಿಗೆ ಹೋಗೋದು. ಇದೇ ಓಣೀಲಿ. ಯಾರದ್ದು ಜೋರು ಅಂತ ಬೀದಿಯವರೇ ಹೇಳಲಿ."

"ಅಯ್ಯೋ, ಇಷ್ಟು ದಿನ ಒಂದಿತ್ತು, ನಾಳೆಯಿಂದ ಎರಡಾ!" ಎಂದು ಉಪಾಧ್ಯಕ್ಷೆ ತಲೆಯ ಮೇಲೆ ಕೈಹೊತ್ತರು. ಮೇಷ್ಟ್ರು ಮಾತ್ರ ಯಾರೋ ಹತ್ತಿರದವರು ತೀರಿಕೊಂಡಂತೆ ಕೆಸರಿನ ಕಾಲು ನೋಡಿಕೊಳ್ಳುತ್ತ ಕೂತರು. ಗಂಟಲ ಚೀಲದ ಪ್ರಾಣಿಗೆ ಅವರು ಆಗಲೇ ಒಂದು ಹೆಸರನ್ನೂ ಯೋಚಿಸಿಟ್ಟಿದ್ದರು.

ಬಂದವರು ಹೋದರು. ಗಂಡ ನಾಳೆಗೆಂದು ಕಾರಿನ ಗಾಜು ಒರೆಸುತ್ತ ನಿಂತ. ಅವಳು ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಳು.

"ರೀ, ಆಫೀಸಲ್ಲಿ ದಿನವಿಡೀ ಕಾರು ಎಲ್ಲಿ ನಿಲ್ಲಿಸ್ತೀರಿ? ಬಿಸಿಲಲ್ಲಿ ಬಣ್ಣ ಹಾಳಾಗಲ್ವಾ?"

ಹೆಂಡತಿಗೆ ಕೊನೆಗೂ ಕಾರಿನ ಬೆಲೆ ತಿಳಿಯಿತಲ್ಲ ಎಂದು ಅವನ ಮುಖ ಅರಳಿತು. "ಹಿಂದುಗಡೆ ಶೆಡ್ ಇದೆ ಕಣೇ. ಒಳ್ಳೆ ನೆರಳು. ಬೆಳಿಗ್ಗೆ ನಿಲ್ಲಿಸಿದರೆ ಸಂಜೆವರೆಗೂ ಆ ಕಡೆ ಒಂದು ನರಪಿಳ್ಳೆ ಸುಳಿಯಲ್ಲ. ಯಾಕೆ?"

"ಏನಿಲ್ಲ, ಸುಮ್ಮನೆ ಕೇಳಿದೆ."

ಆ ಕಡೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಬರಲು ಮತ್ತೆ ಮುಕ್ಕಾಲು. ನಡುವೆ ಅರ್ಧ ಗಂಟೆ; ಇನ್ನೊಂದು ಬೀಗದ ಕೈ ಹೇಗೂ ಮನೆಯಲ್ಲೇ ಇರುತ್ತದೆ. ಆಗಬಹುದು ಎಂದುಕೊಂಡು ಅವಳು ಒಳಗೆ ಹೋದಳು. ಯಾರಿಗೂ ಹೇಳಲಿಲ್ಲ.